ಕಲ್ಪಿತ ಸಚಿತ್ರ ದಿನಚರಿ

ಎಂದೂ ಹುಟ್ಟದ ವ್ಯಕ್ತಿಯೊಬ್ಬನು ತನ್ನ ಕೈಯಾರೆ ಬರೆದು, ತಾನೇ ಚಿತ್ರಿಸಿ, ಎಲ್ಲಿಯೋ ಮರೆತುಹೋದನೆಂದು ತೋರುವಂತೆ, ಬದುಕಿರುವ ಗ್ರಂಥಕರ್ತನೊಬ್ಬನು ರಚಿಸುವ ದಿನವಹಿಗೆ ಈ ಹೆಸರು ಸಲ್ಲುತ್ತದೆ. ಕಾದಂಬರಿಯಲ್ಲಿ ಪಾತ್ರವು ಮಾತನಾಡುತ್ತದೆ, ನಾಟಕದಲ್ಲಿ ಕಣ್ಣೆದುರಿಗೆ ನಡೆದಾಡುತ್ತದೆ. ಇಲ್ಲಿಯಾದರೋ ಪಾತ್ರವು ಒಂದು ವಸ್ತುವನ್ನು ಬಿಟ್ಟುಹೋಗಿರುತ್ತದೆ, ಮತ್ತು ಆ ವಸ್ತುವಿನ ಮೇಲಣ ಅಕ್ಷರದ ಓರೆ, ಮಸಿಯ ಕಲೆ, ಅಂಚಿನಲ್ಲಿ ಗೀಚಿದ ಹಕ್ಕಿ, ಕಿತ್ತುಹಾಕಿದ ಹಾಳೆಯ ಬುಡ ಇವೆಲ್ಲವೂ ಕಥೆಯ ಅಂಗಗಳೇ ಆಗಿ ವಾಚಕನ ಮುಂದೆ ನಿಲ್ಲುತ್ತವೆ. ಸಾಹಿತ್ಯ, ಚಿತ್ರಕಲೆ, ಪುಸ್ತಕ ಕಟ್ಟುವ ಕೆಲಸ ಮೂರೂ ಕೂಡುವ ಈ ಪ್ರಕಾರವು ವಿದ್ವಾಂಸರಿಂದ ಬಹುಕಾಲ ಮಕ್ಕಳಾಟವೆಂದೇ ಎಣಿಸಲ್ಪಟ್ಟಿತ್ತು. ಮಕ್ಕಳೇ ಇದನ್ನು ಹೆಚ್ಚಾಗಿ ಓದುವರೆಂಬುದು ನಿಜವಾದರೂ, ರಚಿಸುವುದು ಮಾತ್ರ ಮಕ್ಕಳಾಟವಲ್ಲ.

ದಿನಚರಿಯ ರೂಪದಲ್ಲಿದ್ದು ನಡುನಡುವೆ ಚಿತ್ರಗಳುಳ್ಳ ಕಾದಂಬರಿಗಳೆಲ್ಲವನ್ನೂ ಈ ವರ್ಗಕ್ಕೆ ಸೇರಿಸುವುದು ಉಚಿತವಲ್ಲ. ಜಾರ್ಜ್ ಮತ್ತು ವೀಡನ್ ಗ್ರಾಸ್ಮಿತ್ ಸೋದರರು 1888-89ರಲ್ಲಿ ಲಂಡನ್ನಿನ ‘ಪಂಚ್’ ಪತ್ರಿಕೆಯಲ್ಲಿ ಪ್ರಕಟಿಸಿ, 1892ರಲ್ಲಿ ಪುಸ್ತಕವಾಗಿ ಹೊರತಂದ ‘ಡೈರಿ ಆಫ್ ಎ ನೋಬಡಿ’ಯನ್ನು ನೋಡಬಹುದು. ಅದರ ನಾಯಕನಾದ ಗುಮಾಸ್ತ ಚಾರ್ಲ್ಸ್ ಪೂಟರನು ತನ್ನ ಮನೆಯ ಸ್ನಾನದ ತೊಟ್ಟಿಗೆ ಕೆಂಪು ಬಣ್ಣ ಬಳಿದು, ಬಿಸಿನೀರಿಗೆ ಬಣ್ಣ ಕರಗಿದಾಗ ತನ್ನ ಮೈಯಿಂದಲೇ ರಕ್ತ ಹರಿಯಿತೆಂದು ಬೆಚ್ಚಿಬಿದ್ದ ಸಂಗತಿಯನ್ನು ಕಿಂಚಿತ್ತೂ ನಗದೆ ಬರೆದುಕೊಳ್ಳುತ್ತಾನೆ. ಪುಸ್ತಕದಲ್ಲಿ ವೀಡನನು ಬರೆದ ಚಿತ್ರಗಳಾದರೋ ಪೂಟರನನ್ನು ಹೊರಗಿನಿಂದ ಕಂಡು ನಗುತ್ತವೆ. ತನ್ನನ್ನು ಹಾಗೆ ಕಾಣುವ ಕಣ್ಣು ಪೂಟರನಿಗೆ ಇದ್ದಿದ್ದರೆ ಆ ದಿನಚರಿಯೇ ಹುಟ್ಟುತ್ತಿರಲಿಲ್ಲ. ಮಾತು ಪಾತ್ರದ್ದು, ಚಿತ್ರ ಗ್ರಂಥಕರ್ತನದು. ಆದುದರಿಂದ ಅದು ಉತ್ತಮವಾದ ಹಾಸ್ಯಕೃತಿಯೇ ಹೊರತು ಪ್ರಕೃತ ಪ್ರಕಾರಕ್ಕೆ ಸೇರಿದ್ದಲ್ಲ. ಚಿತ್ರವು ಯಾರ ಕೈಯದು ಎಂಬ ಪ್ರಶ್ನೆಗೆ ಪಾತ್ರದ ಕೈಯದೆಂಬ ಉತ್ತರ ದೊರೆಯುವಲ್ಲಿ ಮಾತ್ರ ಈ ಪ್ರಕಾರವು ಆರಂಭವಾಗುತ್ತದೆ.

ಇದರ ಮೂಲವನ್ನು ಇಂಗ್ಲಿಷ್ ಗದ್ಯಕಥೆಯ ಬಾಲ್ಯದಲ್ಲಿಯೇ ಹುಡುಕಬೇಕು. ಡೇನಿಯಲ್ ಡೀಫೋ 1719ರಲ್ಲಿ ‘ರಾಬಿನ್ಸನ್ ಕ್ರೂಸೋ’ವನ್ನು ಪ್ರಕಟಿಸಿದಾಗ, ಅದು ನಾಯಕನೇ ಸ್ವತಃ ಬರೆದದ್ದೆಂದು ಮುಖಪುಟದಲ್ಲಿ ಅಚ್ಚಾಗಿತ್ತು. ಕ್ರೂಸೋ ದ್ವೀಪದಲ್ಲಿ ದಿನಚರಿಯನ್ನು ಇಡುತ್ತಾನೆ; ಒಡೆದ ಹಡಗಿನಿಂದ ತಂದ ಮಸಿಗೆ ನೀರು ಬೆರೆಸುತ್ತ ಬೆರೆಸುತ್ತ ಅದು ಬಣ್ಣಗೆಟ್ಟು, ಕಡೆಗೆ ಮುಗಿದುಹೋದಾಗ ದಿನಚರಿಯೂ ನಿಂತುಹೋಗುತ್ತದೆ. ಬರೆಹವು ವಿಚಾರದಿಂದಲ್ಲ, ಮಸಿಯಿಂದ ಆದದ್ದೆಂಬ ಈ ಅರಿವು ಮುಂದಿನವರಿಗೆಲ್ಲ ಮೂಲಧನವಾಯಿತೆನ್ನಬಹುದು. ಡೀಫೋ 1722ರಲ್ಲಿ ಹೊರತಂದ ‘ಪ್ಲೇಗಿನ ವರ್ಷದ ದಿನಚರಿ’ಯು 1665ರ ಲಂಡನ್ನಿನ ಮಹಾಮಾರಿಯನ್ನು ಎಚ್. ಎಫ್. ಎಂಬ ಅಂಕಿತದ ವ್ಯಾಪಾರಿಯೊಬ್ಬನ ಬಾಯಿಂದ ಹೇಳಿಸುತ್ತದೆ. ಆ ಮಹಾಮಾರಿಯ ಕಾಲಕ್ಕೆ ಡೀಫೋ ಐದು ವರ್ಷದ ಆಸುಪಾಸಿನ ಮಗು. ಆದರೂ ವಾರವಾರದ ಮರಣಪಟ್ಟಿಗಳನ್ನು ಪುಟದಲ್ಲಿ ಹಾಗೆ ಹಾಗೆಯೇ ಇಳಿಸಿ, ಜನರು ಕೊರಳಿಗೆ ಕಟ್ಟಿಕೊಳ್ಳುತ್ತಿದ್ದ ಅಕ್ಷರತ್ರಿಕೋಣದ ಯಂತ್ರವನ್ನೂ ಅಚ್ಚುಹಾಕಿಸಿದುದರಿಂದ, ಅನೇಕರು ಅದನ್ನು ಚರಿತ್ರೆಯೆಂದೇ ಓದಿದರು. ನಾಲ್ಕು ವರ್ಷಗಳ ತರುವಾಯ ಬಂದ ಜೊನಾಥನ್ ಸ್ವಿಫ್ಟನ ‘ಗಲಿವರನ ಯಾತ್ರೆ’ಗಳಲ್ಲಿ ಕ್ಯಾಪ್ಟನ್ ಗಲಿವರನ ಭಾವಚಿತ್ರವೂ, ಲಿಲಿಪುಟ್ ದ್ವೀಪವನ್ನು ಸುಮಾತ್ರದ ಬಳಿಯಲ್ಲಿ ಕೂರಿಸಿದ ಭೂಪಟವೂ, ರಿಚರ್ಡ್ ಸಿಂಪ್ಸನ್ ಎಂಬ ಇಲ್ಲದ ಪ್ರಕಾಶಕನ ಹೆಸರಿನ ಮುನ್ನುಡಿಯೂ ಇದ್ದವು.

ಕಲ್ಪಿತವಾದುದಕ್ಕೆ ನಿಜವಾದ ಮಾದರಿ ಬೇಕಷ್ಟೆ. ಅದು ದೊರೆತದ್ದು ಪ್ರವಾಸಿಗಳ ಮತ್ತು ಪ್ರಕೃತಿವೀಕ್ಷಕರ ಪುಸ್ತಕಗಳಲ್ಲಿ. ಅಮೆರಿಕದ ಪಶ್ಚಿಮ ತೀರವನ್ನು ಮುಟ್ಟಿದ ಮೆರಿವೆದರ್ ಲೂಯಿಸನು 1806ರ ಫೆಬ್ರುವರಿಯಲ್ಲಿ ಕೊಲಂಬಿಯಾ ನದೀಮುಖದ ಬಳಿ ತಾನು ಕಂಡ ಯೂಲಕನ್ ಎಂಬ ಸಣ್ಣ ಮೀನನ್ನು ದಿನಚರಿಯ ಪುಟದ ನಡುವೆಯೇ ಬರೆದಿದ್ದಾನೆ. ಅಕ್ಷರಗಳು ಆ ಮೀನಿಗೆ ದಾರಿ ಬಿಟ್ಟು ಅದರ ಸುತ್ತ ಹರಿದಿವೆ. ಇಂಗ್ಲೆಂಡಿನ ಈಡಿತ್ ಹೋಲ್ಡನ್ ಎಂಬಾಕೆ 1906ರಲ್ಲಿ ಹೂವು, ಹಕ್ಕಿ, ಚಿಟ್ಟೆಗಳನ್ನು ಜಲವರ್ಣದಲ್ಲಿ ಬರೆದಿಟ್ಟುಕೊಂಡ ಪ್ರಕೃತಿಟಿಪ್ಪಣಿಗಳು 1977ರಲ್ಲಿ ಯಥಾಪ್ರತಿಯಾಗಿ ಅಚ್ಚಾಗಿ ಬಹಳ ಜನಪ್ರಿಯವಾದವು. ಈ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದವರಿಗೆ ಒಂದು ಭೇದ ಗೋಚರವಾಗುತ್ತದೆ. ಹೋಲ್ಡನಳ ಪುಟ ಮನೆಯಲ್ಲಿ, ಮೇಜಿನ ಮೇಲೆ, ಬಿಡುವಿನಲ್ಲಿ ಆದದ್ದು. ಲೂಯಿಸನದು ಚಳಿಮಳೆಯ ಕೋಟೆಯಲ್ಲಿ, ನಾಳೆ ಮೀನು ಕೊಳೆಯುವುದೆಂಬ ಅವಸರದಲ್ಲಿ ಆದದ್ದು. ಕಲ್ಪಿತ ದಿನಚರಿಗಳನ್ನು ರಚಿಸುವವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ತಮ್ಮ ಪಾತ್ರ ಲೂಯಿಸನಂತೆ ಅಲೆಯುವವನೆಂದು ಹೇಳುತ್ತ, ಪುಟವನ್ನು ಮಾತ್ರ ಹೋಲ್ಡನಳಂತೆ ಸಿಂಗರಿಸುತ್ತಾರೆ.

ಹತ್ತೊಂಬತ್ತನೆಯ ಶತಮಾನದ ಅಂತ್ಯದ ಸಾಹಸಕಥೆಗಳಲ್ಲಿ ಕಲ್ಪಿತ ಬರೆಹವು ಕಲ್ಪಿತ ವಸ್ತುವಾಗಿ ಪರಿಣಮಿಸಿತು. ರೈಡರ್ ಹ್ಯಾಗರ್ಡನು 1887ರ ‘ಷೀ’ ಕಾದಂಬರಿಗಾಗಿ ಗ್ರೀಕ್ ಲಿಪಿಯ ಪುರಾತನ ಮಡಕೆಚೂರೊಂದನ್ನು ತನ್ನ ನಾದಿನಿಯಾದ ಆಗ್ನೆಸ್ ಬಾರ್ಬರಳಿಂದ ನಿಜವಾಗಿಯೇ ಮಾಡಿಸಿ, ಅದರ ಪ್ರತಿಕೃತಿಯನ್ನು ಪುಸ್ತಕದ ಮೊದಲಿಗೆ ಅಚ್ಚುಹಾಕಿಸಿದನು. ಡೆನಿಸ್ ವೀಟ್ಲಿ ಮತ್ತು ಜೆ. ಜಿ. ಲಿಂಕ್ಸ್ 1936ರಲ್ಲಿ ಹೊರತಂದ ‘ಮರ್ಡರ್ ಆಫ್ ಮಿಯಾಮಿ’ ಎಂಬ ಪತ್ತೇದಾರಿ ಕಡತವು ಇನ್ನೂ ಮುಂದೆ ಹೋಗಿ, ತಂತಿಸಂದೇಶಗಳ ಜೊತೆಗೆ ಕೂದಲೆಳೆ, ಬೆಂಕಿಕಡ್ಡಿ, ಕಲೆಯಾದ ಪರದೆಯ ತುಂಡು ಮುಂತಾದುವನ್ನು ಹಾಳೆಗಳಿಗೆ ಅಂಟಿಸಿ ಮಾರಿತು. ಅದೊಂದು ಚಮತ್ಕಾರ; ಒಮ್ಮೆ ನೋಡಿದರೆ ಮುಗಿಯಿತು.

ಜೆ. ಆರ್. ಆರ್. ಟೋಲ್ಕಿನನು ಮಾಡಿದ ಕೆಲಸ ಈ ಬಗೆಯದಲ್ಲ. ‘ಲಾರ್ಡ್ ಆಫ್ ದಿ ರಿಂಗ್ಸ್’ ಕಥೆಯಲ್ಲಿ ಪಯಣಿಗರು ಮೋರಿಯಾದ ಗುಹಾನಗರದೊಳಗೆ ಹೊಕ್ಕು, ಅಲ್ಲಿ ನೆಲಸಲು ಹೋಗಿ ನಾಶವಾದ ಕುಬ್ಜರ ದಿನವಹಿಯೊಂದನ್ನು ಕಂಡು, ಸುಟ್ಟು ಹರಿದು ರಕ್ತದಿಂದ ಹೆಪ್ಪುಗಟ್ಟಿದ ಅದರ ಪುಟಗಳನ್ನು ತಡವರಿಸುತ್ತ ಓದುತ್ತಾರೆ. ಟೋಲ್ಕಿನನು ಆ ಮೂರು ಪುಟಗಳನ್ನು ತಾನೇ ತಯಾರಿಸಿದನು. ಅಂಚುಗಳನ್ನು ತನ್ನ ಹೊಗೆಕೊಳವೆಯ ಕೆಂಡದಿಂದ ಸುಟ್ಟನು. ಪುಸ್ತಕದಿಂದ ಕಳಚಿ ಬಂದ ಹಾಳೆಯೆಂದು ತೋರಲು ಹೊಲಿಗೆಯ ಜಾಗದಲ್ಲಿ ಸಾಲಾಗಿ ತೂತುಗಳನ್ನು ಕೊರೆದನು. ಕಂದುಗೆಂಪು ಬಣ್ಣವನ್ನು ನೆತ್ತರಾಗಿ ಹರಡಿದನು. ಬರೆದವರು ಒಬ್ಬರಲ್ಲವಾದುದರಿಂದ ಲಿಪಿಯ ಕೈಯನ್ನೂ ಬದಲಾಯಿಸಿದನು. ಕೊನೆಯ ಪುಟದಲ್ಲಿ ಬರೆಹವು ಅವಸರಗೊಂಡು, ಕಡೆಯ ಸಾಲು ಎಳೆದ ಗೀಟಾಗಿ ಮುಗಿಯುತ್ತದೆ. ಕಾದಂಬರಿಯ ಮಾತಿನಲ್ಲಿ ಓದಲಾಗದೆ ಬಿಟ್ಟ ಪದಗಳು ಯಾವುವೋ, ಹಾಳೆಯ ಮೇಲೆ ಹರಿದುಹೋದ, ಕಲೆಯಾದ ಜಾಗಗಳು ಅವೇ. ಇಷ್ಟು ಶ್ರಮಪಟ್ಟ ಮೇಲೂ, ಬಣ್ಣದ ಮುದ್ರಣಕ್ಕೆ ವೆಚ್ಚ ಹೆಚ್ಚೆಂಬ ಕಾರಣದಿಂದ 1954ರ ಪ್ರಥಮ ಮುದ್ರಣದಲ್ಲಿ ಆ ಪುಟಗಳಿಗೆ ಸ್ಥಳ ದೊರೆಯಲಿಲ್ಲ. ಟೋಲ್ಕಿನನು 1973ರಲ್ಲಿ ತೀರಿಕೊಂಡನು. ಅವು ಕಾದಂಬರಿಯೊಳಗೆ ತಮ್ಮ ಜಾಗಕ್ಕೆ ಬಂದು ಕುಳಿತದ್ದು 2004ರ ಐವತ್ತನೆಯ ವರ್ಷದ ಆವೃತ್ತಿಯಲ್ಲಿ.

ಇದೇ ಟೋಲ್ಕಿನನು 1920ರಿಂದ 1943ರ ಪರ್ಯಂತ ಪ್ರತಿ ಕ್ರಿಸ್‌ಮಸ್ಸಿಗೂ ತನ್ನ ಮಕ್ಕಳಿಗೆ ಕ್ರಿಸ್‌ಮಸ್ ತಾತನ ಹೆಸರಿನಲ್ಲಿ ಕಾಗದಗಳನ್ನು ಬರೆಯುತ್ತಿದ್ದನು. ಅವು ದಿನಚರಿಯಲ್ಲದಿದ್ದರೂ ಇಲ್ಲಿ ಹೆಸರಿಸತಕ್ಕವು. ತಾತನು ಅತಿವೃದ್ಧನೂ ಉತ್ತರಧ್ರುವದ ಚಳಿಯಲ್ಲಿ ವಾಸಿಸುವವನೂ ಆದ್ದರಿಂದ ಅವನ ಅಕ್ಷರಗಳು ನಡುಗುತ್ತವೆ. ಅವನ ಸಹಾಯಕನಾದ ಹಿಮಕರಡಿಗೆ ಇರುವುದು ಪಂಜವಾದ್ದರಿಂದ ಅದರ ಅಕ್ಷರಗಳು ದಪ್ಪವಾಗಿ ಮೂಲೆಮೂಲೆಯಾಗಿವೆ. ಲಕೋಟೆಯ ಮೇಲೆ ಉತ್ತರಧ್ರುವದ ಅಂಚೆಚೀಟಿಯೂ ಉಂಟು. 1976ರಲ್ಲಿ ಪುಸ್ತಕವಾಗಿ ಬಂದ ಈ ಕಾಗದಗಳನ್ನು ನೋಡಿದರೆ, ಪಾತ್ರದ ಶರೀರವೇ ಅದರ ಲಿಪಿಯಾಗತಕ್ಕದ್ದೆಂಬ ತತ್ತ್ವಕ್ಕೆ ಬೇರೆ ಲಕ್ಷಣಗ್ರಂಥ ಬೇಕಿಲ್ಲವೆನಿಸುತ್ತದೆ.

ಇಡೀ ಪುಸ್ತಕವೇ ಪಾತ್ರದ ಚಿತ್ರದಿನಚರಿಯಾಗಿ ಬಂದ ಕೃತಿಗಳಲ್ಲಿ ಜೇಮ್ಸ್ ಗರ್ನಿಯ ‘ಡೈನೊಟೋಪಿಯ’ (1992) ಪ್ರಸಿದ್ಧವಾದುದು. 1862ರಲ್ಲಿ ಹಡಗು ಒಡೆದು, ಮಗನೊಡನೆ ಅಜ್ಞಾತದ್ವೀಪವೊಂದನ್ನು ಸೇರಿದ ಆರ್ಥರ್ ಡೆನಿಸನ್ ಎಂಬ ವಿಜ್ಞಾನಿಯು, ಅಲ್ಲಿ ಮನುಷ್ಯರೊಂದಿಗೆ ಬಾಳುತ್ತಿರುವ ಡೈನೊಸಾರುಗಳನ್ನು ನೋಡಿ ಬರೆದ ನೋಟ್‌ಪುಸ್ತಕವಿದು. ವಿಶ್ವವಿದ್ಯಾನಿಲಯದ ಗ್ರಂಥಭಂಡಾರದಲ್ಲಿ ಅದು ತನಗೆ ದೊರೆಯಿತೆಂದು ಗರ್ನಿಯ ಪೀಠಿಕೆ. ಪ್ರಾಚೀನ ನಾಗರಿಕತೆಗಳ ದೃಶ್ಯಗಳನ್ನು ‘ನ್ಯಾಷನಲ್ ಜಿಯಾಗ್ರಫಿಕ್’ ಪತ್ರಿಕೆಗಾಗಿ ಬರೆದು ಪಳಗಿದ ಗರ್ನಿಯ ಕೈಚಳಕ ಅದ್ಭುತವಾದುದೇ, ದೋಷವಿರುವುದೂ ಅಲ್ಲಿಯೇ. ಹೆಜ್ಜೆಗುರುತು, ಸಲಕರಣೆ, ಲಿಪಿಯ ಅಕ್ಷರಮಾಲೆ ಇಂಥವುಗಳ ಸಣ್ಣ ಚಿತ್ರಗಳನ್ನು ಡೆನಿಸನನು ಬರೆದನೆಂದರೆ ನಂಬಬಹುದು. ಜಲಪಾತಗಳ ಮೇಲೆ ಕಟ್ಟಿದ ನಗರವನ್ನು ಎರಡು ಪುಟಗಳ ತುಂಬ ತೈಲವರ್ಣದ ಕಾಂತಿಯಿಂದ ತೋರಿಸುವ ಚಿತ್ರವನ್ನು ಮಾತ್ರ, ಒದ್ದೆಬಟ್ಟೆಯಲ್ಲಿ ದಡ ಸೇರಿದ ವಿಜ್ಞಾನಿಯು ಯಾವ ಚಿತ್ರಶಾಲೆಯಲ್ಲಿ ಕುಳಿತು ಬರೆದನೆಂದು ಕೇಳದಿರಲಾಗುವುದಿಲ್ಲ. ಆ ಪುಟಗಳಲ್ಲಿ ಡೆನಿಸನನು ಮರೆಯಾಗಿ ಗರ್ನಿಯೇ ನಿಂತಿರುತ್ತಾನೆ. ಓದುವ ಬಾಲಕನಿಗೆ ಇದರಿಂದ ಯಾವ ನಷ್ಟವೂ ಆಗುವುದಿಲ್ಲವೆಂಬುದನ್ನೂ ಒಪ್ಪಬೇಕು.

ಶಾಲಾಮಕ್ಕಳ ನೋಟ್‌ಪುಸ್ತಕವನ್ನೇ ಪುಸ್ತಕವಾಗಿಸಿದ ಮರಿಸ್ಸಾ ಮಾಸಳ ‘ಅಮೀಲಿಯಾಳ ನೋಟ್‌ಬುಕ್’ (1995), ಗೆರೆಯೆಳೆದ ಹಾಳೆಯ ಮೇಲೆ ಕಡ್ಡಿಯಂಥ ಮನುಷ್ಯರನ್ನು ಬರೆದು ಕೋಟ್ಯಂತರ ವಾಚಕರನ್ನು ಗಳಿಸಿದ ಜೆಫ್ ಕಿನ್ನಿಯ ‘ಡೈರಿ ಆಫ್ ಎ ವಿಂಪಿ ಕಿಡ್’ (2007) ಇವುಗಳಲ್ಲಿ ಚಿತ್ರಕಾರನು ತನ್ನ ಕೌಶಲವನ್ನು ಬುದ್ಧಿಪೂರ್ವಕವಾಗಿ ಅಡಗಿಸಿಕೊಂಡಿದ್ದಾನೆ. ಇದಕ್ಕಿಂತ ಸೂಕ್ಷ್ಮವಾದದ್ದು ಷರ್ಮನ್ ಅಲೆಕ್ಸಿ ಬರೆದು ಎಲೆನ್ ಫೋರ್ನಿ ಚಿತ್ರಿಸಿದ, ಅರೆಕಾಲಿಕ ಇಂಡಿಯನ್ ಬಾಲಕನೊಬ್ಬನ ದಿನಚರಿಯಾದ 2007ರ ಕಾದಂಬರಿ. ವಾಷಿಂಗ್ಟನ್ ರಾಜ್ಯದ ಸ್ಪೋಕೇನ್ ಬುಡಕಟ್ಟಿನ ಮೀಸಲು ಪ್ರದೇಶದಿಂದ ಬಿಳಿಯರ ಶಾಲೆಗೆ ಹೋಗುವ ಅದರ ನಾಯಕನು ವ್ಯಂಗ್ಯಚಿತ್ರ ಬರೆಯುವ ಹುಡುಗ. ಸಿಟ್ಟಿನಲ್ಲಿ ಅವನು ಗೀಚಿದ್ದು ಒಂದು ಬಗೆ. ಪ್ರೀತಿಪಾತ್ರರನ್ನು ಕೂರಿಸಿಕೊಂಡು ಸೀಸದಕಡ್ಡಿಯಿಂದ ಮೆಲ್ಲಗೆ ನೆರಳು ತುಂಬಿ ಬರೆದದ್ದು ಇನ್ನೊಂದು ಬಗೆ. ಒಂದೇ ಕೈ, ಎರಡು ಮನಃಸ್ಥಿತಿ. ಗೆರೆಯ ವೇಗವನ್ನು ನೋಡಿಯೇ ಆ ದಿನ ಹುಡುಗನಿಗೆ ಹೇಗಿತ್ತೆಂಬುದು ತಿಳಿಯುತ್ತದೆ.

ಈ ಪ್ರಕಾರದ ಶಿಖರವೆಂದು ಈ ಲೇಖಕನಿಗೆ ತೋರುವುದು ಎಮಿಲ್ ಫೆರಿಸಳ ‘ಮೈ ಫೇವರಿಟ್ ಥಿಂಗ್ ಈಸ್ ಮಾನ್‌ಸ್ಟರ್ಸ್’ (2017). 1960ರ ದಶಕದ ಷಿಕಾಗೋ ನಗರದ ಕೆರೆನ್ ರೇಯಸ್ ಎಂಬ ಹತ್ತು ವರ್ಷದ ಹುಡುಗಿಯು, ಮೇಲಣ ಅಂತಸ್ತಿನಲ್ಲಿದ್ದ ಆಂಕಾ ಎಂಬಾಕೆಯ ಸಾವಿನ ರಹಸ್ಯವನ್ನು ಹುಡುಕುತ್ತ ತುಂಬಿಸಿದ ಶಾಲೆಯ ನೋಟ್‌ಪುಸ್ತಕವಿದು. ಪುಟಪುಟಕ್ಕೂ ನೀಲಿಗೆರೆ, ಬದಿಯಲ್ಲಿ ತಂತಿಸುರುಳಿಯ ತೂತು. ಚಿತ್ರಗಳೆಲ್ಲ ಬಾಲ್‌ಪೆನ್ನಿನವು, ಗೆರೆಯ ಮೇಲೆ ಅಡ್ಡಗೆರೆ, ಅದರ ಮೇಲೆ ಮತ್ತೊಂದು ಗೆರೆ, ಹೀಗೆ ನೇಯ್ದು ನೇಯ್ದು ಮುಖದ ಮೂಳೆ ಮಾಂಸಗಳು ಎದ್ದುನಿಲ್ಲುವಂತೆ ಮಾಡಿದವು. ಕೆರೆನಳು ಎಲ್ಲರನ್ನೂ ಕಂಡಂತೆ ಬರೆಯುತ್ತಾಳೆ. ತನ್ನನ್ನು ಮಾತ್ರ ಕೋರೆಹಲ್ಲಿನ ತೋಳದ ಮರಿಯಾಗಿ ಬರೆದುಕೊಳ್ಳುತ್ತಾಳೆ. ನಡುನಡುವೆ ಅಣ್ಣನು ಕರೆದೊಯ್ದು ತೋರಿಸಿದ ಚಿತ್ರಶಾಲೆಯ ಪ್ರಸಿದ್ಧ ಚಿತ್ರಗಳ ನಕಲು, ಭಯಾನಕ ಪತ್ರಿಕೆಗಳ ಮುಖಪುಟದ ನಕಲು. ಹತ್ತು ವರ್ಷದ ಮಗುವಿಗೆ ಈ ಕೈ ಎಲ್ಲಿಂದ ಬಂದೀತೆಂದು ಗರ್ನಿಗೆ ಹಾಕಿದ ಪ್ರಶ್ನೆಯನ್ನೇ ಇಲ್ಲಿಯೂ ಹಾಕಬಹುದು. ಉತ್ತರ ಉಪಕರಣದಲ್ಲಿದೆ: ಬಡಮನೆಯ ಮಗುವಿನ ಕೈಗೆ ಸಿಕ್ಕದ ಯಾವ ವಸ್ತುವೂ ಆ ಪುಟಗಳಲ್ಲಿಲ್ಲ, ಆದ್ದರಿಂದ ಕೈಯ ಪ್ರೌಢಿಮೆಯನ್ನು ವಾಚಕನು ಕ್ಷಮಿಸಿಬಿಡುತ್ತಾನೆ. ಫೆರಿಸಳು ಸುಮಾರು ನಾಲ್ವತ್ತನೆಯ ವಯಸ್ಸಿನಲ್ಲಿ ಸೊಳ್ಳೆಯಿಂದ ಹರಡುವ ವೆಸ್ಟ್ ನೈಲ್ ಜ್ವರಕ್ಕೆ ತುತ್ತಾಗಿ, ಕಾಲುಗಳ ಜೊತೆಗೆ ಬರೆಯುವ ಕೈಯ ಸ್ವಾಧೀನವನ್ನೂ ಕಳೆದುಕೊಂಡು, ಪೆನ್ನನ್ನು ಆ ಕೈಗೆ ಟೇಪಿನಿಂದ ಕಟ್ಟಿಸಿಕೊಂಡು ಮತ್ತೆ ಗೆರೆಯೆಳೆಯಲು ಕಲಿತವಳು.

ಇನ್ನು ರಚನೆಯ ಸಾಮಗ್ರಿಯ ವಿಷಯ. ಹಳೆಯದೆಂದು ತೋರಿಸಲು ಹಾಳೆಯನ್ನು ಟೀ ಅಥವಾ ಕಾಫಿಯ ಡಿಕಾಕ್ಷನ್ನಿನಲ್ಲಿ ಅದ್ದಿ ಒಣಗಿಸುವ ಉಪಾಯವನ್ನು ಅರಿಯದವರಿಲ್ಲ. ಅದರ ಅತಿಪ್ರಯೋಗದಿಂದ ಕೆಟ್ಟ ಕೃತಿಗಳಿಗೂ ಲೆಕ್ಕವಿಲ್ಲ. ಹತ್ತೊಂಬತ್ತನೆಯ ಶತಮಾನದ ಮಧ್ಯದವರೆಗೆ ಕಾಗದವನ್ನು ಚಿಂದಿಬಟ್ಟೆಯಿಂದ ಮಾಡುತ್ತಿದ್ದರು. ಒಳ್ಳೆಯ ಚಿಂದಿಯ ಕಾಗದವು ಇನ್ನೂರು ವರ್ಷವಾದರೂ ಅಷ್ಟಾಗಿ ಕಂದುವುದಿಲ್ಲ. ಬೇಗ ಹಳದಿಗಟ್ಟಿ ಅಂಚು ಮುರಿಯುವುದು ಆಮೇಲೆ ಬಂದ ಮರದ ತಿರುಳಿನ ಅಗ್ಗದ ಕಾಗದ. ಹೀಗಾಗಿ 1720ರ ನಾವಿಕನ ಪುಸ್ತಕವನ್ನು ಕಂದಾಗಿಸಿ, 1920ರ ಗುಮಾಸ್ತನದನ್ನು ಬೆಳ್ಳಗೆ ಬಿಡುವವರು ಕಾಲವನ್ನು ತಲೆಕೆಳಗು ಮಾಡಿದಂತಾಗುತ್ತದೆ. ಎರಡನೆಯ ಮಹಾಯುದ್ಧಕ್ಕೆ ಮುಂಚೆ ಬಾಲ್‌ಪೆನ್ನು ಜನಸಾಮಾನ್ಯರ ಕೈಗೆ ಬಂದಿರಲಿಲ್ಲವೆಂಬುದನ್ನೂ ಮರೆಯುವವರುಂಟು. ಹಳೆಯ ಯುರೋಪಿನ ಮಸಿ ಬೇಕಾದವರು ನಮ್ಮ ಗ್ರಂಧಿಗೆ ಅಂಗಡಿಗೆ ಹೋದರೆ ಸಾಕು: ಮಕ್ಕಳಿಗೆ ತೇದು ಕೊಡುವ ಮಾಚಿಕಾಯಿಯನ್ನು ಜಜ್ಜಿ ನೀರಿನಲ್ಲಿ ನೆನೆಯಿಟ್ಟು, ಸೋಸಿ, ಅದಕ್ಕೆ ಅನ್ನಭೇದಿಯನ್ನೂ ಸ್ವಲ್ಪ ಅಂಟನ್ನೂ ಕದಡಿದರೆ ಆ ಮಸಿಯೇ ಸಿದ್ಧವಾಗುತ್ತದೆ. ಬರೆಯುವಾಗ ಅದು ತೆಳುವಾಗಿದ್ದು, ಗಾಳಿ ತಾಗಿದ ಮೇಲೆ ಕಪ್ಪಾಗಿ, ವರ್ಷಗಳು ಕಳೆದಂತೆ ಕಂದುಬಣ್ಣಕ್ಕೆ ತಿರುಗುತ್ತದೆ. ಆದರೆ ಬರೆದವನಿಗೆ ಅದು ಹೊಸ ಮಸಿಯೇ ಆಗಿತ್ತಷ್ಟೆ. ದಿನಚರಿಯು ವಾಚಕನ ಕೈಸೇರಿದ ದಿನ ಹೇಗಿತ್ತೋ ಹಾಗಿರಬೇಕೆ, ಬರೆದ ದಿನ ಹೇಗಿತ್ತೋ ಹಾಗಿರಬೇಕೆ ಎಂಬುದನ್ನು ರಚಿಸುವವನು ಮೊದಲೇ ನಿಶ್ಚಯಿಸಿಕೊಳ್ಳತಕ್ಕದ್ದು. ಅಲ್ಲದೆಯೂ, ನಿಜವಾದ ದಿನಚರಿಯಲ್ಲಿ ಕೆಲಸಕ್ಕೆ ಬಾರದ ಪುಟಗಳು ಬಹಳ: ಸಾಲದ ಲೆಕ್ಕ, ಹವೆಯ ವಿಚಾರ, ಅರ್ಧಕ್ಕೆ ಬಿಟ್ಟ ಮೂಗು. ಕಥೆಗೆ ಬೇಕಾದುದಷ್ಟೇ ಇರುವ ದಿನಚರಿ ಬೇಗ ಸಂಶಯಕ್ಕೆ ಈಡಾಗುತ್ತದೆ.

ಕಲ್ಪಿತಕ್ಕೂ ಕೂಟಕ್ಕೂ, ಅಂದರೆ ಮೋಸದ ಸೃಷ್ಟಿಗೂ, ಇರುವ ಅಂತರ ಕಸಬಿನದಲ್ಲ, ಉದ್ದೇಶದ್ದು. ಬ್ರಿಸ್ಟಲ್ ನಗರದ ಬಾಲಕವಿ ಥಾಮಸ್ ಚ್ಯಾಟರ್ಟನನು ಹದಿನೈದನೆಯ ಶತಮಾನದ ರೌಲಿ ಎಂಬ ಸಂನ್ಯಾಸಿಯನ್ನು ಕಲ್ಪಿಸಿ, ಅವನ ಕೈಬರೆಹವೆಂದು ಹಳೆಯ ಚರ್ಮಪತ್ರಗಳ ಮೇಲೆ ಪದ್ಯಗಳನ್ನು ಬರೆದು, 1770ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿಯೇ ಮರಣ ಹೊಂದಿದನು. ಅವನನ್ನು ಯಾವ ಕಡೆಗೆ ಸೇರಿಸಬೇಕೆಂಬುದು ಇಂದಿಗೂ ವಿವಾದದ ವಿಷಯ. ಜರ್ಮನಿಯ ಕೊನ್ರಾಡ್ ಕುಯಾವ್ ವಿಷಯದಲ್ಲಿ ಅಂಥ ವಿವಾದವೇನೂ ಇಲ್ಲ. ಹಿಟ್ಲರನ ದಿನಚರಿಗಳೆಂದು ಅವನು ಬರೆದ ಸಂಪುಟಗಳಿಗೆ ‘ಸ್ಟೆರ್ನ್’ ಪತ್ರಿಕೆಯು 90 ಲಕ್ಷಕ್ಕೂ ಮಿಕ್ಕಿ ಮಾರ್ಕುಗಳನ್ನು ತೆತ್ತು, 1983ರ ಏಪ್ರಿಲಿನಲ್ಲಿ ಅವುಗಳನ್ನು ಲೋಕಕ್ಕೆ ಸಾರಿತು. ಎರಡು ವಾರ ಕಳೆಯುವುದರೊಳಗೆ, ಯುದ್ಧಾನಂತರವೇ ಬಳಕೆಗೆ ಬಂದ ಬಿಳುಪುಕಾರಕವು ಕಾಗದದಲ್ಲಿರುವುದನ್ನು ರಸಾಯನಜ್ಞರು ತೋರಿಸಿದರು. ಹೊದಿಕೆಯ ಮೇಲೆ ಅಂಟಿಸಿದ ಗಾಥಿಕ್ ಅಕ್ಷರಗಳಲ್ಲಿಯೂ ಅಡಾಲ್ಫ್ ಹೆಸರಿನ ‘ಎ’ ಬದಲು ‘ಎಫ್’ ಇತ್ತು. ಕೈಬರೆಹದ ಪರೀಕ್ಷಕರು ಮೊದಲು ಮೋಸಹೋದುದಕ್ಕೆ ಒಂದು ವಿನೋದದ ಕಾರಣವುಂಟು: ಹೋಲಿಸಿ ನೋಡಲು ಅವರಿಗೆ ಕೊಟ್ಟ ಮಾದರಿಗಳಲ್ಲಿ ಕೆಲವು ಕುಯಾವನೇ ಬರೆದವಾಗಿದ್ದವು. ನಾಲ್ಕೂವರೆ ವರ್ಷದ ಸೆರೆಮನೆಯ ಶಿಕ್ಷೆಗೆ ಗುರಿಯಾದ ಅವನು, ಬಿಡುಗಡೆಯಾದ ಮೇಲೆ ನಕಲುಚಿತ್ರಗಳಿಗೆ ತನ್ನ ಹೆಸರಿನಲ್ಲಿಯೇ ಸಹಿ ಹಾಕಿ ಮಾರಿ ಜೀವಿಸಿದನು.

ಕರ್ಣಾಟಕದಲ್ಲಿ ಕೂಟದ ಪರಂಪರೆ ಕಲ್ಪಿತದ ಪರಂಪರೆಗಿಂತ ಹಳೆಯದು. ಪಶ್ಚಿಮ ಗಂಗರ ಹೆಸರಿನ ತಾಮ್ರಪಟಗಳಲ್ಲಿ ಹಲವು ಕೂಟಶಾಸನಗಳೆಂದು ಶಾಸನತಜ್ಞ ಜೆ. ಎಫ್. ಫ್ಲೀಟ್ ವಾದಿಸಿದ್ದನು. ಲಿಪಿಯ ಕಾಲಕ್ಕೂ ಹೇಳಿದ ಶಕವರ್ಷಕ್ಕೂ ಹೊಂದದಿರುವುದು, ತಿಥಿವಾರಗಳು ಕೂಡದಿರುವುದು ಇಂಥವನ್ನು ಹಿಡಿಯುವ ಮುಖ್ಯ ದಾರಿಗಳು. ಕಲ್ಪಿತ ದಿನಚರಿಯನ್ನು ಕಟ್ಟುವವರಿಗೂ ಈ ಪರೀಕ್ಷೆ ಉಪಯುಕ್ತವಾದುದೇ: ಹದಿನೆಂಟನೆಯ ಶತಮಾನದ ಶಾನುಭೋಗನಿಂದ ಸಂವತ್ಸರ, ಮಾಸ, ತಿಥಿ, ವಾರಗಳನ್ನು ಬರೆಸುವ ಮುನ್ನ ಸ್ವಾಮಿಕಣ್ಣು ಪಿಳ್ಳೆಯವರ ‘ಇಂಡಿಯನ್ ಎಫೆಮೆರಿಸ್’ ಎಂಬ ಪಂಚಾಂಗಕೋಷ್ಟಕದ ಸಂಪುಟವನ್ನು ತೆರೆದು ನೋಡುವುದು ಲೇಸು. ಬರೆಹದ ಜೊತೆಗೆ ತನ್ನ ಕೈಯ ಚಿತ್ರವನ್ನೂ ಕೂಡಿಸುವ ವಿದ್ಯೆ ಕನ್ನಡಕ್ಕೆ ಅಪರಿಚಿತವೇನಲ್ಲ. ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’ (1976), ವಿದ್ಯಾರ್ಥಿಗಳೊಡನೆ ಕಾಡು ಸುತ್ತಿದ ಸಸ್ಯಶಾಸ್ತ್ರಜ್ಞನು ತಾನು ಕಂಡ ಗಿಡಮರಗಳನ್ನು ತಾನೇ ಬರೆದ ಗೆರೆಚಿತ್ರಗಳ ಸಹಿತ ವರ್ಣಿಸಿದ ಗ್ರಂಥ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪುರಸ್ಕಾರ ಪಡೆದದ್ದು. ಅದು ನಿಜವ್ಯಕ್ತಿಯ ಅನುಭವಕಥನವೇ ಹೊರತು ಕಲ್ಪಿತವಲ್ಲ. ಕಲ್ಪಿತವನ್ನು ರಚಿಸಬಯಸುವವರು ಮಾತಿಗೂ ಗೆರೆಗೂ ಒಂದೇ ಸ್ವಭಾವವಿರುವುದು ಹೇಗೆಂಬುದನ್ನು ಅಲ್ಲಿ ನೋಡಿ ತಿಳಿಯಬಹುದು.

ನಮ್ಮ ಶಾನುಭೋಗನಿಗೆ ಪಾಶ್ಚಾತ್ಯರ ತೊಗಲು ಹೊದಿಕೆಯ ಪುಸ್ತಕವನ್ನು ಕೊಡಬೇಕಾದ ಅಗತ್ಯವೂ ಇಲ್ಲ. ಹತ್ತಿಯ ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು ಒಣಗಿಸಿ, ಹಿಂದಕ್ಕೂ ಮುಂದಕ್ಕೂ ಮಡಿಸಿ ಮಾಡುವ ಕಡತವು ಮಠಗಳಲ್ಲಿಯೂ ವರ್ತಕರ ಮನೆಗಳಲ್ಲಿಯೂ ಲೆಕ್ಕಪತ್ರಗಳಿಗೆ ಬಳಕೆಯಲ್ಲಿತ್ತು. ಅದರ ಕಪ್ಪಿನ ಮೇಲೆ ಬಳಪದಿಂದ ಬೆಳ್ಳಗೆ ಬರೆಯುತ್ತಿದ್ದರು. ಅಲ್ಪವಿರಾಮ, ಪ್ರಶ್ನಾರ್ಥಕಗಳು ಅಚ್ಚುಕೂಟದೊಂದಿಗೆ ಬಂದವಾದುದರಿಂದ ಅಲ್ಲಿ ಅವು ಇರಕೂಡದು. ಅಂಕಿಗಳು ಕನ್ನಡದವೇ ಆಗಬೇಕು. ಬಳಪದ ಮೊನೆ ಮೊಂಡಾಗಿರುವುದರಿಂದ ಚಿತ್ರದಲ್ಲಿ ನವುರಾದ ನೆರಳನ್ನು ತುಂಬುವುದು ಸಾಧ್ಯವಿಲ್ಲ. ಗದ್ದೆಯ ಗಡಿ, ಕೆರೆಯ ಏರಿ, ಒಂದು ಎತ್ತು, ಇಷ್ಟನ್ನು ದಪ್ಪಗೆರೆಗಳಲ್ಲಿ ಮೂಡಿಸಬಹುದು. ಕಡತವು ಒರೆಸಿ, ಮತ್ತೆ ಕರಿ ಬಳಿದು ಬರೆಯಬಹುದಾದ ಸಾಧನವಾದ್ದರಿಂದ, ಅಳಿಸಿದ ಹಿಂದಿನ ವರ್ಷದ ಕಂದಾಯದ ಬಾಕಿಯು ಎತ್ತಿನ ಹೊಟ್ಟೆಯ ಅಡಿಯಲ್ಲಿ ಮಬ್ಬಾಗಿ ಕಾಣಿಸುತ್ತಿರಬೇಕು.